ಬೇಸಿಗೆಯ ಮುನ್ಸೂಚನೆ: ಡಿಗ್ರಿಗಿಂತ ಮೊದಲು ಗಾಳಿ ನೋಡಿ

ಫೆಬ್ರವರಿ ಮುಗಿಯುತ್ತಾ ಬಂದಂತೆ ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಒಂದು ಸಾಲು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ: ‘ರಾಜ್ಯದಾದ್ಯಂತ ಒಣಹವೆ, ಮುಂದಿನ ನಾಲ್ಕೈದು ದಿನಗಳಲ್ಲಿ ಗರಿಷ್ಠ ಉಷ್ಣಾಂಶ ಕ್ರಮೇಣ 2ರಿಂದ 3 ಡಿಗ್ರಿ ಸೆಲ್ಸಿಯಸ್ ಏರುವ ಸಾಧ್ಯತೆ.’ ಕೆಲವು ದಿನ ಅದಕ್ಕೆ ‘ಮೇಲ್ಮೈ ಗಾಳಿ ಬಿರುಸಾಗಿರಲಿದೆ’ ಎಂಬ ಬಾಲವೂ ಅಂಟಿಕೊಂಡಿರುತ್ತದೆ. ಓದಿದವರು ‘ಸೆಕೆ ಜಾಸ್ತಿಯಾಗುತ್ತಂತೆ’ ಎಂದು ಪುಟ ತಿರುವುತ್ತಾರೆ. ಅಷ್ಟಕ್ಕೇ ಬಿಡುವ ಸಾಲಲ್ಲ ಅದು. ಕಾರವಾರದವರಿಗೆ, ಕಲಬುರಗಿಯವರಿಗೆ, ಬೆಂಗಳೂರಿನವರಿಗೆ ಅದು ಹೇಳುವ ಸುದ್ದಿ ಮೂರು ಥರ. ಈ ಮೂರನ್ನು ಬೇರ್ಪಡಿಸುವುದು ಬಿಸಿಲಲ್ಲ, ಗಾಳಿ. ಬೀಸುವ ವೇಗಕ್ಕಿಂತಲೂ ಹೆಚ್ಚಾಗಿ ಅದು ಬರುವ ದಿಕ್ಕು.

ಮೊದಲು ಡಿಗ್ರಿಯ ಗೊಂದಲ ಬಗೆಹರಿಸೋಣ. ಮುನ್ಸೂಚನೆಯಲ್ಲಿ ಮೂರು ಬಗೆಯ ಲೆಕ್ಕ ಒಟ್ಟೊಟ್ಟಿಗೆ ಓಡಾಡುತ್ತಿರುತ್ತವೆ. ನಾಳೆ ಎಷ್ಟು ಉಷ್ಣಾಂಶ ಎಂಬುದು ಒಂದು. ನಿನ್ನೆ ಮೊನ್ನೆಗಿಂತ ಎಷ್ಟು ಏರಲಿದೆ ಎಂಬುದು ಎರಡನೆಯದು. ವಾಡಿಕೆಗಿಂತ ಎಷ್ಟು ಹೆಚ್ಚು ಎಂಬುದು ಮೂರನೆಯದು. ‘2ರಿಂದ 3 ಡಿಗ್ರಿ ಏರಿಕೆ’ ಎಂಬುದು ಎರಡನೆಯ ಲೆಕ್ಕ. ನಮ್ಮ ಎಷ್ಟೋ ಸುದ್ದಿಶೀರ್ಷಿಕೆಗಳು ಅದನ್ನು ಮೂರನೆಯದಾಗಿ ಓದಿ ಗಾಬರಿ ಹುಟ್ಟಿಸುತ್ತವೆ. ಒಂದು ಊರಿನ ವಾಡಿಕೆ ಉಷ್ಣಾಂಶ 37 ಡಿಗ್ರಿ ಎಂದುಕೊಳ್ಳಿ. ಎರಡು ದಿನ ಮೋಡ ಕವಿದು 35ಕ್ಕೆ ಇಳಿದಿತ್ತು. ಮೋಡ ಸರಿದು 3 ಡಿಗ್ರಿ ಏರಿದರೂ ಆಗುವುದು 38, ಅಂದರೆ ವಾಡಿಕೆಗಿಂತ ಬರೀ ಒಂದು ಡಿಗ್ರಿ ಜಾಸ್ತಿ. ಅದೇ ಊರು ಮೊದಲೇ 39ರಲ್ಲಿದ್ದು ಮತ್ತೆ 3 ಏರಿದರೆ ಅದು ಎಚ್ಚರಿಕೆಯ ಮಾತು. ಏರಿಕೆ ಎರಡರಲ್ಲೂ ಒಂದೇ. ವಾಡಿಕೆ ಎಂದರೆ ಈಗ 1991ರಿಂದ 2020ರವರೆಗಿನ 30 ವರ್ಷಗಳ ಸರಾಸರಿ. ಆ ಮೂವತ್ತು ವರ್ಷಗಳಲ್ಲೂ ಕಾವು ಏರುತ್ತಲೇ ಬಂದಿರುವುದರಿಂದ ‘ವಾಡಿಕೆಯಷ್ಟೇ ಇದೆ’ ಎಂಬ ಮಾತು ನಮ್ಮ ತಾತನ ಕಾಲದ ಬೇಸಿಗೆಗೆ ಹೊಂದುವುದಿಲ್ಲ. 1901ರಿಂದ ಲೆಕ್ಕ ಇಟ್ಟಿರುವ ದೇಶದಲ್ಲಿ ಅತ್ಯಂತ ಬಿಸಿಯಾದ ವರ್ಷವೆಂದು ದಾಖಲಾದದ್ದು 2024.

ಈ ಡಿಗ್ರಿಯನ್ನು ಅಳೆಯುವುದು ಎಲ್ಲಿ ಎಂಬುದೂ ಗೊತ್ತಿರಬೇಕು. ವೀಕ್ಷಣಾಲಯಗಳ ಹುಲ್ಲುಹಾಸಿನ ಮೇಲೆ ಕಾಲುಗಳ ಮೇಲೆ ನಿಂತ ಬಿಳಿ ಬಣ್ಣದ ಮರದ ಪೆಟ್ಟಿಗೆಯೊಂದಿರುತ್ತದೆ. ಸ್ಟೀವನ್‌ಸನ್ ಪೆಟ್ಟಿಗೆ ಎಂದು ಅದರ ಹೆಸರು. ನಾಲ್ಕೂ ಗೋಡೆ ಕಿಟಕಿಯ ಜಾಲಂದ್ರದಂತೆ ಓರೆಪಟ್ಟಿಗಳದ್ದು. ಗಾಳಿ ಆಡಬೇಕು, ಬಿಸಿಲು ಒಳಗೆ ಬೀಳಬಾರದು. ಬಾಗಿಲು ತೆರೆದಾಗಲೂ ಬಿಸಿಲು ತಾಗದಿರಲೆಂದು ಅದನ್ನು ಉತ್ತರಕ್ಕೆ ಇಟ್ಟಿರುತ್ತಾರೆ. ಒಳಗೆ ನಾಲ್ಕು ತಾಪಮಾಪಕಗಳು. ಒಂದು ಒಣ ಬುರುಡೆಯದು. ಒಂದಕ್ಕೆ ಒದ್ದೆ ಮಲ್‌ಮಲ್ ಬಟ್ಟೆ ಸುತ್ತಿರುತ್ತದೆ. ಈ ಎರಡರ ನಡುವಿನ ಅಂತರದಿಂದಲೇ ಗಾಳಿಯ ಆರ್ದ್ರತೆ ಲೆಕ್ಕವಾಗುವುದು. ಇನ್ನೆರಡು ಅಡ್ಡಡ್ಡ ಮಲಗಿರುತ್ತವೆ. ಗರಿಷ್ಠ ಅಳೆಯುವುದರಲ್ಲಿ, ಜ್ವರ ನೋಡುವ ಹಳೆಯ ಥರ್ಮಾಮೀಟರಿನಲ್ಲಿರುವಂತೆ, ಪಾದರಸ ಏರಿದಲ್ಲೇ ನಿಲ್ಲುತ್ತದೆ. ಈಗ ಸ್ವಯಂಚಾಲಿತ ಕೇಂದ್ರಗಳು ಎಲ್ಲೆಡೆ ಬಂದಿದ್ದರೂ ತತ್ವ ಅದೇ: ನೆಲದಿಂದ ಸುಮಾರು ನಾಲ್ಕಡಿ ಮೇಲಿನ, ನೆರಳಿನ ಗಾಳಿಯ ಉಷ್ಣಾಂಶ. ಹಾಗಾಗಿ ಡಾಂಬರು ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಮೊಬೈಲ್ ನೋಡಿ ‘38 ಅಂತೆ, ಸುಳ್ಳು’ ಎನ್ನುವವರ ಚರ್ಮವೂ ಸುಳ್ಳು ಹೇಳುತ್ತಿರುವುದಿಲ್ಲ, ಇಲಾಖೆಯೂ ಹೇಳುತ್ತಿರುವುದಿಲ್ಲ. ಇಬ್ಬರು ಅಳೆಯುವ ಜಾಗ ಬೇರೆ.

ಇನ್ನು ಗಾಳಿ. ಅದನ್ನು ಅಳೆಯುವುದು ಹತ್ತು ಮೀಟರ್ ಎತ್ತರದ ಕಂಬದ ಮೇಲೆ. ದಿಕ್ಕು ಹೇಳುವಾಗ ಬೀಸಿ ಬರುವ ಕಡೆಯನ್ನು ಹೇಳುತ್ತಾರೆ. ಪೂರ್ವದ ಗಾಳಿ ಎಂದರೆ ಪೂರ್ವದಿಂದ ಬರುವ ಗಾಳಿ. ಬೇಸಿಗೆಯಲ್ಲಿ ಬೆಳಿಗ್ಗೆ ಎಲೆ ಅಲುಗದೆ ನಿಂತು, ಹನ್ನೊಂದರ ಹೊತ್ತಿಗೆ ಬೀಸಲು ಶುರುವಾಗಿ, ಸಂಜೆ ಐದಾರಕ್ಕೆ ಮತ್ತೆ ತಣ್ಣಗಾಗುವ ಗಾಳಿಗೆ ಒಂದು ಕಾರಣವಿದೆ. ರಾತ್ರಿ ನೆಲ ತಣಿದಾಗ ನೆಲಕ್ಕಂಟಿದ ಗಾಳಿಯೂ ತಣಿದು ಭಾರವಾಗಿ ಕೆಳಗೇ ಕೂರುತ್ತದೆ. ಮೇಲೆ ಐನೂರು, ಸಾವಿರ ಮೀಟರಿನಲ್ಲಿ ಗಾಳಿ ಜೋರಾಗಿದ್ದರೂ ಅದರ ಸೋಂಕು ಕೆಳಗಿನದಕ್ಕೆ ತಟ್ಟುವುದಿಲ್ಲ. ಬಿಸಿಲೇರಿ ನೆಲ ಕಾದಾಗ ಕೆಳಗಿನ ಗಾಳಿ ಮೇಲೇಳುತ್ತದೆ, ಮೇಲಿನ ವೇಗದ ಗಾಳಿ ಅದರ ಜಾಗಕ್ಕೆ ಇಳಿದು ಬರುತ್ತದೆ. ಬಯಲುಸೀಮೆಯ ಖಾಲಿ ಹೊಲಗಳಲ್ಲಿ ಮಧ್ಯಾಹ್ನ ಕಸಕಡ್ಡಿ ಎತ್ತಿಕೊಂಡು ಸುತ್ತುವ ಸುಳಿಗಾಳಿ ಈ ಏರಿಳಿತದ್ದೇ ಕೂಸು. ಮೋಡವಿಲ್ಲದೆ ಗಾಳಿಯೂ ಇಲ್ಲದ ರಾತ್ರಿ ಕನಿಷ್ಠ ಉಷ್ಣಾಂಶ ಚೆನ್ನಾಗಿ ಇಳಿಯುತ್ತದೆ. ರಾತ್ರಿಯೂ ಗಾಳಿ ಆಡುತ್ತಿದ್ದರೆ ಇಳಿಯದು. ‘ಗಾಳಿ ಇದೆ, ತಂಪು’ ಎಂಬ ನಮ್ಮ ಲೆಕ್ಕ ಇಲ್ಲಿ ತಲೆಕೆಳಗು.

ಕರಾವಳಿಯ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಯಾಕೆಂದರೆ ಅಲ್ಲಿ ಇಡೀ ದಿನದ ಕಾವನ್ನು ನಿರ್ಧರಿಸುವುದು ಕಡಲಗಾಳಿ ಎಷ್ಟು ಹೊತ್ತಿಗೆ ದಡ ಹತ್ತುತ್ತದೆ ಎಂಬ ಒಂದೇ ಸಂಗತಿ. ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಹೊತ್ತೇರುತ್ತಿದ್ದಂತೆ ನೆಲದ ಮೇಲಿನ ಗಾಳಿ ಹಗುರಾಗಿ ಏಳುತ್ತದೆ, ಕಡಲ ಮೇಲಿನ ತಂಪುಗಾಳಿ ಒಳಬರುತ್ತದೆ. ಸಾಮಾನ್ಯ ದಿನಗಳಲ್ಲಿ ಹನ್ನೊಂದು–ಹನ್ನೆರಡು ಗಂಟೆಗೆ ಇದು ನಡೆದು ಮಂಗಳೂರಿನ ಉಷ್ಣಾಂಶ 33–34ರ ಆಸುಪಾಸಿನಲ್ಲೇ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಆದರೆ ಫೆಬ್ರವರಿ–ಮಾರ್ಚ್‌ನಲ್ಲಿ ಕೆಲವು ದಿನ ಒಳನಾಡಿನಿಂದ ಮೂಡಣ ಗಾಳಿ ಜೋರಾಗಿರುತ್ತದೆ. ಅದು ಘಟ್ಟದ ತಲೆಯಿಂದ ಕೆಳಗಿಳಿಯುವಾಗ ಒತ್ತಡ ಹೆಚ್ಚಿ ತಾನಾಗಿ ಬಿಸಿಯಾಗುತ್ತದೆ. ಒಣಗಾಳಿ ಪ್ರತಿ ಸಾವಿರ ಮೀಟರ್ ಇಳಿದಾಗ ಸುಮಾರು 10 ಡಿಗ್ರಿ ಕಾಯುತ್ತದೆ. ಚಾರ್ಮಾಡಿಯ ಮೇಲೆ 25 ಡಿಗ್ರಿಯಲ್ಲಿ ಹಿತವಾಗಿದ್ದ ಗಾಳಿ ಅಲ್ಲಿಂದ 900 ಮೀಟರ್ ಇಳಿದರೆ 34 ಆಗಿರುತ್ತದೆ. ಅದರ ಮೇಲೆ ಕೆಳಗಿನ ಬಿಸಿಲಿನ ಪಾಲು ಬೇರೆ. ಕಾದಿರುವುದಷ್ಟೇ ಅಲ್ಲ, ಕಡಲಗಾಳಿಗೆ ಅಡ್ಡ ನಿಂತು ಅದನ್ನು ಮಧ್ಯಾಹ್ನದವರೆಗೂ ತಡೆಹಿಡಿಯುತ್ತದೆ. ಕಾರವಾರ, ಹೊನ್ನಾವರ, ಪಣಂಬೂರುಗಳಲ್ಲಿ 37–38 ಡಿಗ್ರಿ ಕಾಣುವುದು ಬಹುಪಾಲು ಇಂಥ ದಿನಗಳಲ್ಲೇ. ಸೂರ್ಯ ನೆತ್ತಿಯ ಮೇಲೆ ಬರುವುದು ಏಪ್ರಿಲ್ ಕೊನೆಯ ವಾರದಲ್ಲಾದರೂ ಕರಾವಳಿ ಅದಕ್ಕೆ ಎರಡು ತಿಂಗಳು ಮೊದಲೇ ಬೇಯುವುದರ ಗುಟ್ಟು ಇದು. 2025ರ ಫೆಬ್ರವರಿ ಕೊನೆಯಲ್ಲಿ, ಇನ್ನೂ ಚಳಿಗಾಲದ ಲೆಕ್ಕದಲ್ಲೇ ಇರುವ ತಿಂಗಳಲ್ಲಿ, ಹವಾಮಾನ ಇಲಾಖೆ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು.

ಆದ್ದರಿಂದ ಉಡುಪಿಯವರು, ಕುಮಟೆಯವರು ‘ಗಾಳಿ ಬಿರುಸು’ ಎಂದು ಓದಿ ಸಮಾಧಾನಪಡುವ ಮೊದಲು ಯಾವ ಕಡೆಯ ಗಾಳಿ ಎಂದು ಕೇಳಬೇಕು. ಪಡುವಣದ್ದಾದರೆ ಬೆವರಿದರೂ ಬದುಕಬಹುದು. ಮೂಡಣದ್ದಾದರೆ ಮಧ್ಯಾಹ್ನ ಎರಡರವರೆಗೆ ಹೊರಗಿನ ಕೆಲಸ ಬೇಡ.

ಬೆಂಗಳೂರು, ಕೋಲಾರದ ಕಡೆ ಅದೇ ಮೂಡಣ ಗಾಳಿ ಬಂಗಾಳಕೊಲ್ಲಿಯ ತೇವ ತರುತ್ತದೆ. ಪೂರ್ವ, ಆಗ್ನೇಯದಿಂದ ಬೀಸಿದರೆ ಮಧ್ಯಾಹ್ನಕ್ಕೆ ಬಿಳಿಮೋಡ ತೇಲಿ ಉಷ್ಣಾಂಶ ಒಂದೆರಡು ಡಿಗ್ರಿ ಹದಕ್ಕೆ ಬರುತ್ತದೆ. ಗಾಳಿ ವಾಯವ್ಯಕ್ಕೆ ತಿರುಗಿ ಮೋಡವೇ ಇಲ್ಲದೆ ವಾರಗಟ್ಟಲೆ ಕಳೆದರೆ ಏನಾಗುತ್ತದೆ ಎಂಬುದನ್ನು 2024ರ ಏಪ್ರಿಲ್‌ನಲ್ಲಿ ಬೆಂಗಳೂರು ಕಂಡಿದೆ: ಆ ತಿಂಗಳು ಮಳೆಯೇ ಇಲ್ಲದೆ ಉಷ್ಣಾಂಶ 38 ಡಿಗ್ರಿ ದಾಟಿತು. ನಗರದ ದಾಖಲೆ 2016ರ ಏಪ್ರಿಲ್‌ನ 39.2. ಇಲ್ಲೊಂದು ತಾಂತ್ರಿಕ ತಮಾಷೆಯಿದೆ. ಬಯಲುಪ್ರದೇಶದ ವೀಕ್ಷಣಾಲಯದಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಮಾತ್ರ ‘ಬಿಸಿಗಾಳಿ’ಯ ಲೆಕ್ಕಕ್ಕೆ ಬರುವುದು, ಕರಾವಳಿಗೆ ಈ ಮಿತಿ 37, ಗುಡ್ಡಗಾಡಿಗೆ 30. ವಾಡಿಕೆ ಏನೇ ಇರಲಿ, 45 ಮುಟ್ಟಿದರೂ ಬಿಸಿಗಾಳಿಯೇ. ಅದೂ ಒಂದು ಹವಾಮಾನ ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ, ಎರಡು ದಿನ ಸತತವಾಗಿ ಹೀಗಿರಬೇಕು. 40 ಕಂಡೇ ಇಲ್ಲದ ನಗರ ಎಷ್ಟು ಒದ್ದಾಡಿದರೂ ಈ ಅಳತೆಗೋಲಿಗೆ ಸಿಗುವುದಿಲ್ಲ. ಎಚ್ಚರಿಕೆ ಬಂದಿಲ್ಲವೆಂದು ಟಾರಸಿಯ ಮೇಲೆ ಗಾರೆ ಕೆಲಸದವರನ್ನು ಮಧ್ಯಾಹ್ನ ದುಡಿಸುವುದು ಸರಿಯಲ್ಲ.

ಉಪವಿಭಾಗದ ಮಾತು ಬಂತಲ್ಲ: ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರಾಗಿ ವಿಂಗಡಿಸಿದೆ. ಮಲೆನಾಡಿಗೆ ಪ್ರತ್ಯೇಕ ಮನೆಯಿಲ್ಲ. ಹಾಗಾಗಿ ಆಗುಂಬೆಯೂ ಚಳ್ಳಕೆರೆಯೂ ದಕ್ಷಿಣ ಒಳನಾಡೇ. ವಿಭಾಗದ ಒಟ್ಟು ಮುನ್ಸೂಚನೆ ಓದಿ ನಮ್ಮೂರಿಗೆ ಅನ್ವಯಿಸಿಕೊಳ್ಳುವುದು ಎಷ್ಟು ಅಪಾಯ ಎಂಬುದು ಇದರಿಂದಲೇ ತಿಳಿಯುತ್ತದೆ. ‘ಅಲ್ಲಲ್ಲಿ ಮಳೆ’ ಎಂಬುದಕ್ಕೂ ಅಳತೆಯಿದೆ. ವಿಭಾಗದ ಕಾಲುಭಾಗ ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಲ್ಲಿ ಮಾತ್ರ ಮಳೆ ನಿರೀಕ್ಷೆಯಿದ್ದಾಗ ಬಳಸುವ ಮಾತು ಒಂದು, ಅರ್ಧದವರೆಗಿನದಕ್ಕೆ ಇನ್ನೊಂದು, ಮುಕ್ಕಾಲಿನವರೆಗಿನದಕ್ಕೆ ಮತ್ತೊಂದು. ಕನ್ನಡ ಪತ್ರಿಕೆಗಳಿಗೆ ಬರುವಷ್ಟರಲ್ಲಿ ಇವೆಲ್ಲ ‘ಅಲ್ಲಲ್ಲಿ’ ಆಗಿ ಕಲಸಿಹೋಗಿರುತ್ತವೆ ಎಂಬುದು ನನ್ನ ದೂರು.

ಉತ್ತರ ಒಳನಾಡಿನಲ್ಲಿ ಕಥೆ ನೇರ. ಕಲಬುರಗಿ, ರಾಯಚೂರು, ವಿಜಯಪುರಗಳಿಗೆ ಏಪ್ರಿಲ್–ಮೇನಲ್ಲಿ 40ರ ಆಸುಪಾಸು ಹೊಸದಲ್ಲ. ವಾಯವ್ಯದ ಒಣಗಾಳಿ ಬೀಸಿದಷ್ಟೂ ಕಾವು ಏರುತ್ತದೆ. ನಮ್ಮ ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಂಪಾಗಿದ್ದರೆ ಮೈಯ ಕಾವನ್ನು ಒಯ್ಯುತ್ತದೆ. 40 ದಾಟಿದ ಗಾಳಿ ಮೈಗೆ ಕಾವನ್ನು ತಂದು ಸುರಿಯುತ್ತದೆ, ಅದನ್ನು ತಡೆಯುವುದು ಬೆವರು ಆರುವ ತಂಪೊಂದೇ. ಒಣಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುವುದರಿಂದ ಮೈಯ ನೀರು ಎಷ್ಟು ಖಾಲಿಯಾಯಿತೆಂಬುದೂ ತಿಳಿಯುವುದಿಲ್ಲ. ಬಾಯಾರುವ ಮೊದಲೇ ನೀರು ಕುಡಿಯಿರಿ ಎನ್ನುವುದು ಅದಕ್ಕೇ. ಮಣ್ಣಿನ ಮಡಕೆಯ ನೀರು ಕಲಬುರಗಿಯಲ್ಲಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗಿ, ಮಂಗಳೂರಿನಲ್ಲಿ ಉಗುರುಬೆಚ್ಚಗೆ ಉಳಿಯುವುದೂ ಇದೇ ಲೆಕ್ಕ. ಮಂಗಳೂರಿನ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ಮಡಕೆಯ ಮೈ ಆರುವುದಿಲ್ಲ. ನೀರು ಹಾಕುವ ಏರ್ ಕೂಲರ್ ಕೊಳ್ಳುವ ಕರಾವಳಿಯವರು ಹಣ ಕೊಡುವ ಮೊದಲು ಇದನ್ನು ನೆನೆದರೆ ಒಳ್ಳೆಯದು.

ಕಾವು ಹೀಗೆ ಏರುತ್ತಾ ಹೋಗಿ ಎಲ್ಲಿಗೆ ಮುಟ್ಟುತ್ತದೆ? ಮಾರ್ಚ್ ಕಳೆದ ಮೇಲೆ ಪ್ರಕಟಣೆಯಲ್ಲಿ ಇನ್ನೊಂದು ಬಗೆಯ ವಾಕ್ಯ ಬರುತ್ತದೆ: ‘ವಿದರ್ಭದಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡಿನವರೆಗೆ ಸಮುದ್ರಮಟ್ಟದಿಂದ 0.9 ಕಿ.ಮೀ. ಎತ್ತರದಲ್ಲಿ ಟ್ರಫ್ ಇದೆ.’ ನಕ್ಷೆಯ ಮೇಲೆ ಇದೊಂದು ಉದ್ದನೆಯ ಗೆರೆ. ಗೆರೆಯ ಪಶ್ಚಿಮಕ್ಕೆ ವಾಯವ್ಯದ ಒಣಗಾಳಿ, ಪೂರ್ವಕ್ಕೆ ಬಂಗಾಳಕೊಲ್ಲಿಯ ತೇವದ ಗಾಳಿ. ಎರಡೂ ಎದುರಾಗುವಲ್ಲಿ ಗಾಳಿಗೆ ಮೇಲೇಳದೆ ದಾರಿಯಿಲ್ಲ. ಮಧ್ಯಾಹ್ನದ ಕಾವು ಅದಕ್ಕೆ ಕೈಜೋಡಿಸಿದರೆ ಸಂಜೆ ನಾಲ್ಕರ ಮೇಲೆ ಗುಡುಗು. ಅಂದಹಾಗೆ, 0.9 ಕಿ.ಮೀ. ಎಂದರೆ ಆಕಾಶದಲ್ಲೆಲ್ಲೋ ಎಂದುಕೊಳ್ಳಬೇಡಿ. ಬೆಂಗಳೂರು ನಿಂತಿರುವುದೇ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಕಾಯುವ ಹೂಮಳೆಯೂ, ಬಯಲುಸೀಮೆಯ ಮಾವಿನ ಮಳೆಯೂ ಈ ಗೆರೆಯ ಆಚೀಚೆ ಓಲಾಟದ ಫಲ. ಅದು ಐವತ್ತು ಕಿಲೋಮೀಟರ್ ಸರಿದರೆ ಮಳೆ ಪಕ್ಕದ ಜಿಲ್ಲೆಯ ಪಾಲು. ಏಪ್ರಿಲ್‌ನ ಮಳೆಯ ಮುನ್ಸೂಚನೆ ಆಗಾಗ ತಪ್ಪಿದಂತೆ ಕಾಣುವುದು ಇದಕ್ಕೇ. ಉಷ್ಣಾಂಶದ್ದು ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ.

ಈ ಗುಡುಗುಮಳೆಯ ಜೊತೆಗಿನ ಗಾಳಿಗೂ ಹಗಲಿನ ಬಿರುಸುಗಾಳಿಗೂ ಸಂಬಂಧ ಕಟ್ಟಬಾರದು. ‘ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ’ ಎಂದು ಗುಡುಗಿನ ಜೊತೆ ಹೇಳಿದ್ದರೆ ಅದು ಮಳೆಹನಿಯೊಂದಿಗೆ ಮೋಡದಿಂದ ದಬ್ಬೆಂದು ನೆಲಕ್ಕೆ ಬೀಳುವ ತಣ್ಣನೆಯ ಗಾಳಿ. ಕೆಲವು ನಿಮಿಷಗಳ ಆಟ. ಕೊಂಬೆ ಮುರಿಯುವುದು, ತಗಡು ಹಾರುವುದು, ಬಾಳೆ ಮಲಗುವುದು ಅದರಿಂದ. ಹಗಲಿನ ಗಾಳಿಯನ್ನು ಯಂತ್ರವಿಲ್ಲದೆಯೂ ಅಂದಾಜಿಸಬಹುದು. ಎಲೆ, ಸಣ್ಣ ಕಡ್ಡಿಗಳು ಎಡೆಬಿಡದೆ ಆಡುತ್ತಿದ್ದರೆ ಗಂಟೆಗೆ 12ರಿಂದ 19 ಕಿ.ಮೀ. ದೂಳು ಎದ್ದು ಕಾಗದದ ಚೂರು ಹಾರಿದರೆ 20ರಿಂದ 28. ಸಣ್ಣ ಗಿಡಗಳು ಇಡಿಯಾಗಿ ತೂಗಿದರೆ 29ರ ಮೇಲೆ. ದೊಡ್ಡ ಕೊಂಬೆಗಳು ಆಡಿ, ತಂತಿ ಶಿಳ್ಳೆ ಹಾಕಿ, ಕೊಡೆ ಹಿಡಿಯಲಾಗದಿದ್ದರೆ 40ರ ಹತ್ತಿರ.

ರೈತರಿಗೆ ಈ ಅಂದಾಜು ದುಡ್ಡಿನ ಲೆಕ್ಕ. ದೂಳು ಏಳುವಷ್ಟು ಗಾಳಿಯಿದ್ದಾಗ ಔಷಧಿ ಸಿಂಪಡಿಸಿದರೆ ಅರ್ಧ ಪಕ್ಕದವನ ಹೊಲಕ್ಕೆ, ಉಳಿದದ್ದರಲ್ಲಿ ಒಂದು ಪಾಲು ಸಿಂಪಡಿಸುವವನ ಮೂಗಿಗೆ. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸುವುದು ಮೇಲು. ನೀರಿನ ಲೆಕ್ಕ ಇನ್ನೂ ದೊಡ್ಡದು. ಒಂದು ಎಕರೆಯಿಂದ 1 ಮಿಲಿಮೀಟರ್ ನೀರು ಆವಿಯಾದರೆ ಹೋದದ್ದು ಸುಮಾರು 4 ಸಾವಿರ ಲೀಟರ್. ಕಾವು, ಒಣಗಾಳಿ, ಬೀಸುವ ವೇಗ ಮೂರೂ ಕೂಡಿ ದಿನದ ಆವಿ ಎರಡು ಮಿಲಿಮೀಟರ್ ಹೆಚ್ಚಾದರೆ, ಅದೇ ಎಕರೆ ದಿನಕ್ಕೆ 8 ಸಾವಿರ ಲೀಟರ್ ಹೆಚ್ಚು ಕೇಳುತ್ತದೆ. ಟ್ಯಾಂಕರ್ ಬಾಡಿಗೆ ಕೊಡುವವರಿಗೆ ಅದರ ಬೆಲೆ ಹೇಳಬೇಕಿಲ್ಲ. ಹೊಲದ ಅಂಚಿಗೆ ಗಾಳಿಮರ, ಸಿಲ್ವರ್ ಓಕ್, ಅಗಸೆ ಸಾಲು ನೆಟ್ಟು ವೇಗ ಮುರಿಯುವುದು, ಬುಡಕ್ಕೆ ಹೊದಿಕೆ ಹಾಕುವುದು, ಹಗಲು ಹಾಯಿಸುವ ಬದಲು ಸಂಜೆ ಮೇಲೆ ಹಾಯಿಸುವುದು, ಇವೆಲ್ಲ ಆ ಎರಡು ಮಿಲಿಮೀಟರ್ ಉಳಿಸುವ ದಾರಿಗಳೇ. ಗೊನೆ ಬಿಟ್ಟ ಬಾಳೆಗೆ ಊರುಗೋಲು ಕೊಡುವುದನ್ನು ಮೊದಲ ಗುಡುಗಿನವರೆಗೆ ಮುಂದೂಡಬಾರದು.

ಬೆಂಕಿಯ ವಿಷಯದಲ್ಲಂತೂ ಗಾಳಿಯೇ ಯಜಮಾನ. 2019ರ ಫೆಬ್ರವರಿಯ ಒಂದೇ ವಾರದಲ್ಲಿ ರಾಜ್ಯ ಎರಡು ಬೆಂಕಿ ಕಂಡಿತು. ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಕಡೆ ಹತ್ತಿದ್ದು ಒಣಗಿದ ಹುಲ್ಲು, ಲಂಟಾನದಲ್ಲಿ ದಿನಗಟ್ಟಲೆ ಓಡಿ ಸಾವಿರಾರು ಎಕರೆ ನುಂಗಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಫೆಬ್ರವರಿ 23ರಂದು ಯಲಹಂಕದ ವೈಮಾನಿಕ ಪ್ರದರ್ಶನದ ವಾಹನ ನಿಲುಗಡೆಯ ಬಯಲಿನಲ್ಲಿ ಒಣಹುಲ್ಲಿಗೆ ತಗುಲಿದ ಕಿಡಿ ಗಾಳಿಯ ಜೊತೆ ಸೇರಿ ಮುನ್ನೂರರಷ್ಟು ಕಾರುಗಳನ್ನು ಸುಟ್ಟಿತು. ಎರಡು ಕಡೆಯೂ ಆ ದಿನಗಳ ಉಷ್ಣಾಂಶ ಏಪ್ರಿಲ್‌ನದ್ದಾಗಿರಲಿಲ್ಲ. ಒಣಹುಲ್ಲು, ಮಧ್ಯಾಹ್ನದ ಇಳಿದ ಆರ್ದ್ರತೆ, ಬೀಸುಗಾಳಿ ಇದ್ದರೆ ಸಾಕು. ಕಬ್ಬಿನ ರವದಿಗೆ, ಬದುವಿನ ಕಸಕ್ಕೆ ಬೆಂಕಿ ಇಡುವವರು ‘ಬಿಸಿಲು ಇನ್ನೂ ಏರಿಲ್ಲ’ ಎಂದುಕೊಂಡರೆ ಕೆಟ್ಟರು.

ಇಷ್ಟೆಲ್ಲ ಮಾಹಿತಿ ಎಲ್ಲಿ ಸಿಗುತ್ತದೆ? ಹವಾಮಾನ ಇಲಾಖೆಯ ಬೆಂಗಳೂರು ಕೇಂದ್ರದ ದೈನಂದಿನ ಪ್ರಕಟಣೆ ಒಂದು ಕಡೆ. ನಾಲ್ಕು ವಾರಗಳ ಮುನ್ನೋಟ ಪ್ರತಿ ಗುರುವಾರ ಹೊರಬರುತ್ತದೆ. ಅದರಲ್ಲಿ ಎರಡನೇ ವಾರದಾಚೆಯದನ್ನು ಸುಳಿವು ಎಂದಷ್ಟೇ ಹಿಡಿಯಬೇಕು. ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ಸೂಕ್ಷ್ಮವಾಗುತ್ತಿವೆ: 2025ರ ಮೇನಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ನೆಲವನ್ನು 6 ಕಿ.ಮೀ. ಚೌಕಗಳಾಗಿ ನೋಡುತ್ತದೆ, ಹಿಂದಿನದು 12 ಕಿ.ಮೀ. ಆಗಿತ್ತು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳಿಂದ ಗಾಳಿ, ಆರ್ದ್ರತೆ, ಉಷ್ಣಾಂಶದ ಲೆಕ್ಕ ಪಡೆಯುತ್ತದೆ. ಅದರ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಮೇಘದೂತ್ ಆ್ಯಪ್‌ನಲ್ಲೂ ಕನ್ನಡವಿದೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಪ್ರತಿ ಮಂಗಳವಾರ, ಶುಕ್ರವಾರ ಕೃಷಿ ವಿಶ್ವವಿದ್ಯಾಲಯಗಳ ಹವಾಮಾನ ಘಟಕಗಳು ಹೊರಡಿಸುವ ಕೃಷಿ ಹವಾಮಾನ ಪ್ರಕಟಣೆ. ಅದರ ಕೋಷ್ಟಕದಲ್ಲಿ ಐದು ದಿನಗಳ ಮಳೆ, ಗರಿಷ್ಠ, ಕನಿಷ್ಠ ಉಷ್ಣಾಂಶ, ಮೋಡ, ಬೆಳಗಿನ ಮತ್ತು ಮಧ್ಯಾಹ್ನದ ಆರ್ದ್ರತೆ, ಗಾಳಿಯ ವೇಗ, ಗಾಳಿಯ ದಿಕ್ಕು ಇರುತ್ತವೆ. ಮೋಡವನ್ನು ಆಕಾಶದ ಎಂಟು ಪಾಲಿನಲ್ಲಿ ಎಷ್ಟು ಎಂದು ಕೊಟ್ಟಿರುತ್ತಾರೆ; ಸೊನ್ನೆಯೆಂದರೆ ಶುಭ್ರ, ಎಂಟೆಂದರೆ ಪೂರಾ ಮುಚ್ಚಿದ ಆಕಾಶ. ದಿಕ್ಕು ಡಿಗ್ರಿಯಲ್ಲಿರುವುದರಿಂದ ಜನ ಅದನ್ನು ಬಿಟ್ಟುಬಿಡುತ್ತಾರೆ. ಓದುವುದು ಕಷ್ಟವಿಲ್ಲ: 90 ಪೂರ್ವ, 180 ದಕ್ಷಿಣ, 270 ಪಶ್ಚಿಮ, 360 ಉತ್ತರ. 315 ಎಂದಿದ್ದರೆ ವಾಯವ್ಯ. ಮುಂದಿನ ಮಂಗಳವಾರ ನಿಮ್ಮ ಜಿಲ್ಲೆಯ ಕೋಷ್ಟಕ ಸಿಕ್ಕಾಗ ಕೆಳಗಿನಿಂದ ಮೇಲಕ್ಕೆ ಓದಿ: ಮೊದಲು ದಿಕ್ಕು, ಆಮೇಲೆ ವೇಗ, ಆಮೇಲೆ ಮಧ್ಯಾಹ್ನದ ಆರ್ದ್ರತೆ, ಕೊನೆಗೆ ಉಷ್ಣಾಂಶ.